ಗುರುವಿನ ಋಣ, ಶಿಷ್ಯನ ಕಾಣಿಕೆ

ಕಾರ್ಖಾನೆಯಲ್ಲಿ ಕೈಗೆ ತಗಡು ತಗುಲಿ ಗಾಯವಾದರೆ, ಬೀದಿಯಲ್ಲಿ ಕಾಲಿಗೆ ಮೊಳೆ ಚುಚ್ಚಿದರೆ, ಧನುರ್ವಾಯು ಬಂದೀತೆಂಬ ಭಯದಿಂದ ನಾವು ಆಸ್ಪತ್ರೆಗೆ ಹೋಗಿ ಸೂಜಿಮದ್ದು ಹಾಕಿಸಿಕೊಳ್ಳುತ್ತೇವೆ. ಅದರ ಹಿಂದೆ ಜರ್ಮನಿ ಮತ್ತು ಜಪಾನು ದೇಶಗಳ ವೈದ್ಯರ ಕೊಳುಕೊಡೆಯ ದೊಡ್ಡ ಕಥೆಯೇ ಇದೆ. ಅದನ್ನು ಈ ಸಲ ಸಂಗ್ರಹವಾಗಿ ತಿಳಿಯೋಣ.

ಒಂದು ಕಾಲಕ್ಕೆ ಜಪಾನು ಪರದೇಶೀಯರಿಗೆ ಬಾಗಿಲು ಮುಚ್ಚಿತ್ತು. ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ನಾಗಸಾಕಿಯ ಒಂದು ಪುಟ್ಟ ದ್ವೀಪದಲ್ಲಿ ವ್ಯಾಪಾರಕ್ಕೆ ಅನುಮತಿಯಿತ್ತು. 1771ರಲ್ಲಿ ಸುಗಿತಾ ಗೆನ್‌ಪಾಕು, ಮಾಯೆನೊ ರ್ಯೋತಾಕು ಮೊದಲಾದ ವೈದ್ಯರು ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಒಂದು ಶವಚ್ಛೇದನವನ್ನು ನೋಡಿದರು. ಅವರ ಕೈಯಲ್ಲಿದ್ದುದು ಜರ್ಮನ್ ವೈದ್ಯ ಕುಲ್ಮುಸ್ ಬರೆದ ಶರೀರಶಾಸ್ತ್ರದ ಡಚ್ ಅನುವಾದ. ಹಳೆಯ ಗ್ರಂಥಗಳಿಗೆ ಹೊಂದದ ಅಂಗಾಂಗಗಳು ಈ ಪುಸ್ತಕದ ಚಿತ್ರಗಳಿಗೆ ಸರಿಯಾಗಿ ಹೊಂದಿದವು. ಡಚ್ ಭಾಷೆ ಚೆನ್ನಾಗಿ ಬಾರದಿದ್ದರೂ ಅವರು ಎದೆಗುಂದಲಿಲ್ಲ. ಒಂದೊಂದೇ ಪದದ ಅರ್ಥವನ್ನು ಅರಸುತ್ತ ಅನುವಾದ ಮಾಡಿ 1774ರಲ್ಲಿ ಅಚ್ಚುಹಾಕಿಸಿದರು.

1823ರಲ್ಲಿ ಸೀಬೋಲ್ಡ್ ಎಂಬ ಜರ್ಮನ್ ವೈದ್ಯನು ಡಚ್ಚರ ಸೇವೆಯಲ್ಲಿ ನಾಗಸಾಕಿಗೆ ಬಂದು ಜಪಾನಿ ಶಿಷ್ಯರಿಗೆ ಪಾಠ ಹೇಳಿದನು. ನಿಷಿದ್ಧ ಭೂಪಟಗಳನ್ನು ಪಡೆದನೆಂಬ ಆರೋಪದ ಮೇಲೆ 1829ರಲ್ಲಿ ಅವನನ್ನು ದೇಶದಿಂದ ಹೊರಗೆ ಕಳಿಸಿದರು. ಕಲಿಸಿದ ವಿದ್ಯೆ ಅಲ್ಲೇ ಉಳಿಯಿತು. ಮುಂದೆ ಮೈಜಿ ಸರಕಾರವು ಜರ್ಮನ್ ವೈದ್ಯಪದ್ಧತಿಯನ್ನೇ ಆರಿಸಿಕೊಂಡಿತು. 1876ರಲ್ಲಿ ಬಂದ ಎರ್ವಿನ್ ಬೆಲ್ಟ್ಸ್ ಟೋಕಿಯೋದಲ್ಲಿ 25 ವರ್ಷ ಕಲಿಸಿದನು. ಜಪಾನಿನ ಆಸ್ಪತ್ರೆಗಳಲ್ಲಿ ರೋಗಿಯ ದಾಖಲೆಗೆ ಇಂದಿಗೂ 'ಕರುತೆ' ಎನ್ನುತ್ತಾರೆ. ಅದು ಜರ್ಮನರ 'ಕಾರ್ಟೆ' ಶಬ್ದವೇ.

ಇನ್ನು ಶಿಷ್ಯರ ಸರದಿ. 1886ರಲ್ಲಿ ಕಿತಸಾತೊ ಶಿಬಸಬುರೊ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಮಹಾಶಯನ ಶಿಷ್ಯನಾದನು. ಧನುರ್ವಾಯುವಿನ ರೋಗಾಣುವನ್ನು ಬೇರೆ ರೋಗಾಣುಗಳಿಂದ ಬಿಡಿಸಿ ಬೆಳೆಸಲು ಆ ತನಕ ಯಾರಿಗೂ ಆಗಿರಲಿಲ್ಲ. ಕಿತಸಾತೊ ಅದನ್ನು ಕಾಯಿಸಿ ಉಳಿದ ರೋಗಾಣುಗಳನ್ನು ಕೊಂದನು. ಬೀಜರೂಪದಲ್ಲಿದ್ದ ಇದೊಂದು ಬದುಕಿ ಉಳಿಯಿತು. ಗಾಳಿಯ ಆಮ್ಲಜನಕ ತಗುಲದಂತೆ ಅದನ್ನು ಬೆಳೆಸಿ 1889ರಲ್ಲಿ ಗೆದ್ದನು. ಮರುವರ್ಷ ಎಮಿಲ್ ಬೆಹ್ರಿಂಗನೊಡನೆ ಸೇರಿ, ಸ್ವಲ್ಪಸ್ವಲ್ಪವಾಗಿ ವಿಷ ತಾಳಿಕೊಂಡ ಪ್ರಾಣಿಯ ರಕ್ತದ್ರವವು ಇನ್ನೊಂದು ಪ್ರಾಣಿಯನ್ನೂ ಕಾಯುವುದೆಂದು ತೋರಿಸಿದನು.

ಈ ರಕ್ತದ್ರವ ಚಿಕಿತ್ಸೆಗಾಗಿ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬಂದಿತು. ಸಂದದ್ದು ಬೆಹ್ರಿಂಗ್ ಒಬ್ಬನಿಗೇ. ಇಬ್ಬರು ದುಡಿದ ಕೆಲಸಕ್ಕೆ ಒಬ್ಬರ ಹೆಸರು ಬೀಳುವುದು ನಮ್ಮ ಕಚೇರಿಗಳಲ್ಲಿಯೂ ಕಾಣದ್ದೇನಲ್ಲ. ಆದರೂ ಕಿತಸಾತೊವಿನ ಗುರುಭಕ್ತಿ ಕುಂದಲಿಲ್ಲ. 1908ರಲ್ಲಿ ಕಾಕ್ ಜಪಾನಿಗೆ ಬಂದಾಗ ಅವನೇ ಮುಂದೆ ನಿಂತು ಸತ್ಕರಿಸಿದನು. 1910ರಲ್ಲಿ ಗುರು ತೀರಿಕೊಂಡ ಮೇಲೆ ಅವನ ನೆನಪಿಗೆ ಒಂದು ಗುಡಿಯನ್ನೇ ಕಟ್ಟಿಸಿದನು. 2024ರಲ್ಲಿ ಜಪಾನು ಹೊರಡಿಸಿದ ಸಾವಿರ ಯೆನ್ ನೋಟಿನ ಮೇಲೆ ಕಿತಸಾತೊವಿನ ಮುಖವಿದೆ.

ಅವನೊಬ್ಬನೇ ಅಲ್ಲ. ನಮ್ಮ ಹಿರಿಯರು ಪರಂಗಿರೋಗವೆನ್ನುತ್ತಿದ್ದ ಗುಹ್ಯರೋಗಕ್ಕೆ 606ನೆಯ ಸಂಖ್ಯೆಯ ಔಷಧವು ಗುಣಕಾರಿಯೆಂದು 1909ರಲ್ಲಿ ಕಂಡುಹಿಡಿದವರು ಜರ್ಮನಿಯ ಪಾಲ್ ಎರ್ಲಿಖ್ ಮತ್ತು ಅವನ ಬಳಿ ದುಡಿದ ಜಪಾನಿನ ಹಾತಾ ಸಹಾಚಿರೊ.

ಈಗ ಮೊದಲಿನ ಮಾತಿಗೆ ಬರೋಣ. ಧನುರ್ವಾಯುವಿಗೆ ಕಾರಣ ಕಬ್ಬಿಣದ ತುಕ್ಕಲ್ಲ. ಮಣ್ಣು ಸಗಣಿಗಳಲ್ಲಿರುವ ರೋಗಾಣು. ಇಂದಿನ ಲಸಿಕೆಯು ನಮ್ಮ ಮೈಯಲ್ಲಿಯೇ ಪ್ರತಿವಿಷವನ್ನು ಹುಟ್ಟಿಸುತ್ತದೆ. ಗಾಯ ದೊಡ್ಡದಾದರೆ ಸಿದ್ಧ ಪ್ರತಿವಿಷವನ್ನೂ ಕೊಡುವುದುಂಟು. ಆದುದರಿಂದ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಒಂದು ದಿನದ ಕೂಲಿ ಹೋದರೂ ಹೋಗಲೆಂದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಹೊಟ್ಟೆಪಾಡಿಗಾಗಿ ಪರಭಾಷೆಯ ಊರಿಗೆ ಬಂದವರು ನಾವು. ಒಂದೊಂದೇ ಪದವನ್ನು ಕೂಡಿಸಿ ಕಲಿತ ಆ ವೈದ್ಯರ ಶ್ರಮ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಕಲಿಯಲು ಹೋದವನು ಬರಿಗೈಯಲ್ಲಿ ಹಿಂತಿರುಗಬೇಕಿಲ್ಲ. ಕಲಿಸಿದವರಿಗೂ ಏನನ್ನಾದರೂ ಕೊಟ್ಟು ಬರಬಹುದು.