ಕಟ್ಟಿಗೆಗೆ ಕೂಲಿ ಬೇಡ: ಮನೆಮಂದಿಯೇ ನಡೆಸುವ ಮರ ಆರೈಕೆಯ ಲೆಕ್ಕ



ಕರಾವಳಿಯ ಯಾವ ಮನೆಗೆ ಹೋದ್ರೂ ಒಂದು ಮಾತು ಕೇಳ್ತದೆ: "ಮರ ಹತ್ತೋಕೆ ಜನ ಸಿಗ್ತಿಲ್ಲ." ತೆಂಗಿನಕಾಯಿ ಕೊಯ್ಯಬೇಕು, ಮಾಡಿನ ಮೇಲೆ ಬಾಗಿದ ಟೊಂಗೆ ತೆಗೆಸಬೇಕು, ಮಾವಿಗೆ ಬಂದಳಿಕೆ ಹಿಡಿದಿದೆ. ಕೆಲಸ ಇದೆ, ಮಾಡೋರಿಲ್ಲ. ಬೇಲೆಕೇರಿಯಲ್ಲಿ ಅಪ್ಪ, ತಮ್ಮ, ನನ್ನ ಹೆಂಡತಿ ಮತ್ತು ನಾನು ತೋಟದ ಜೊತೆಗೆ ಈ ಕೆಲಸವನ್ನೂ ಮಾಡ್ತಿದ್ದೇವೆ. ಶುರು ಮಾಡಬೇಕು ಅನ್ನೋ ಹುಡುಗರು ಮೊದಲು ಕೇಳೋದು "ಯಾವ ಚೈನ್ ಸಾ ತಗೊಳ್ಳಲಿ?" ಅಂತ. ಅದಕ್ಕಿಂತ ಮುಂಚೆ ತೀರ್ಮಾನ ಆಗಬೇಕಾದ್ದು ಇನ್ನೊಂದಿದೆ. ಕೂಲಿಯನ್ನು ದುಡ್ಡಲ್ಲಿ ತಗೊಳ್ತೀರೋ, ಕಟ್ಟಿಗೆಯಲ್ಲಿ ತಗೊಳ್ತೀರೋ?

ನಾವು ಮಾಡಿದ ತಪ್ಪು

ನಮ್ಮ ಮೊದಲ ವರ್ಷ. ಪಕ್ಕದೂರಿನ ಒಬ್ಬ ಅಜ್ಜಿಯ ಅಂಗಳದಲ್ಲಿ ಹಳೇ ಕರಿ ಇಶಾಡ ಮಾವಿನ ಮರ. ಒಂದು ದೊಡ್ಡ ಟೊಂಗೆ ಹಂಚಿನ ಮೇಲೆ ಬಂದಿತ್ತು. ಮೇ ತಿಂಗಳ ಕೊನೆ, ಮಳೆ ಹತ್ತಿರ. ಅಜ್ಜಿ ಹತ್ತಿರ ಕೈಯಲ್ಲಿ ದುಡ್ಡಿಲ್ಲ. "ಕಟ್ಟಿಗೆ ನೀವೇ ತಗೊಂಡು ಹೋಗಿ" ಅಂದ್ರು. ಊರಲ್ಲಿ ಇದು ಹಳೇ ಪದ್ಧತಿ, ನಾವೂ ಒಪ್ಪಿದೆವು.

ಹಂಚಿನ ಮೇಲಿದ್ದದ್ದು ಒಂದೇ ಟೊಂಗೆ. ಅದರ ಕಟ್ಟಿಗೆಗೆ ಮೂರು ಜನರ ದಿನದ ಕೂಲಿ ಹುಟ್ಟೋದಿಲ್ಲ. ಹಾಗಾಗಿ "ಇದೂ ಭಾರ ಆಗಿದೆ, ಅದೂ ಬಾಗಿದೆ" ಅನ್ನುತ್ತಾ ಇನ್ನೂ ಮೂರು ಟೊಂಗೆ ಇಳಿಸಿದೆವು. ಅರ್ಧ ಮರ ಬೋಳಾಯ್ತು. ಅವಸರದಲ್ಲಿ ದೊಡ್ಡ ಟೊಂಗೆಗೆ ಮೇಲಿಂದ ಒಂದೇ ಕೊಯ್ತ ಹಾಕಿದ್ದರಿಂದ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಮೂರು ಅಡಿ ಸೀಳಿಕೊಂಡು ಬಂತು. ಮಳೆಗಾಲ ಪೂರ್ತಿ ಆ ಗಾಯಕ್ಕೆ ನೀರು ಕುಡಿಯಿತು. ಮರುವರ್ಷ ಕಾಂಡ ಕೊರಕ ಹುಳು ಹೊಕ್ಕಿತು. ಅದರ ಮುಂದಿನ ವರ್ಷ ಮರ ಒಣಗಿತು.

ಅಜ್ಜಿ ಬೈಲಿಲ್ಲ. "ನಿಂಗೆ ಕಟ್ಟಿಗೆ ಸಿಕ್ತು ತಮಾ, ನಂಗೆ ಮರ ಹೋಯ್ತು" ಅಂದ್ರು ಅಷ್ಟೇ.

ತೋಟಗಾರಿಕೆ ಓದಿದ ನನಗೆ ಸವರುವ ಕ್ರಮ ಗೊತ್ತಿರಲಿಲ್ಲ ಅಂತಲ್ಲ. ಕಡಿದಷ್ಟೂ ಲಾಭ ಅನ್ನೋ ಒಪ್ಪಂದದಲ್ಲಿ ಕೈ ತಾನಾಗಿಯೇ ಹೆಚ್ಚು ಕಡೀತದೆ. ಆವತ್ತಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಕೂಲಿ ದುಡ್ಡಲ್ಲಿ, ಕಟ್ಟಿಗೆ ಮರದ ಯಜಮಾನರಿಗೆ. ಕೈಯಲ್ಲಿ ದುಡ್ಡಿಲ್ಲದವರು ಹಣ್ಣಿನ ಕಾಲದಲ್ಲಿ ಕೊಡಬಹುದು, ಎರಡು ಕಂತಲ್ಲೂ ಕೊಡಬಹುದು. ಕಟ್ಟಿಗೆ ಮಾತ್ರ ಬೇಡ.

ಇಲ್ಲಿ ಹೋಗೋದು ಬರೀ ಒಂದು ಮರ ಅಲ್ಲ. 2023ರಲ್ಲಿ ಅಂಕೋಲಾದ ಕರಿ ಇಶಾಡ ಮಾವಿಗೆ ಜಿಐ ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ತುಂಬು ತಿರುಳು, ಸಿಹಿ ಇರೋ ಈ ಹಣ್ಣಿನ ಹೊಸ ಗಿಡ ಬೇಕಂದ್ರೆ ಕಸಿ ಕಡ್ಡಿ ಒಳ್ಳೆಯ ತಾಯಿಮರದಿಂದಲೇ ಬರಬೇಕು. ಆ ತಾಯಿಮರಗಳು ಇರೋದು ಇಂಥ ಹಳೇ ಅಂಗಳಗಳಲ್ಲಿ.

ದರ ಹೇಳೋದು ಹೇಗೆ?

ಮೊದಲು ಹೋಗಿ ಮರ ನೋಡಿ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ತೆಗೆಯೋ ಟೊಂಗೆಗಳಿಗೆ ಫೋಟೋದಲ್ಲೇ ಗುರುತು ಹಾಕಿ ಯಜಮಾನರಿಗೆ ವಾಟ್ಸಾಪ್ ಮಾಡಿ. ಅವರು "ಹೂಂ" ಅಂದ ಮೇಲೆ ಗುರುತಿಲ್ಲದ ಟೊಂಗೆ ಮುಟ್ಟಬೇಡಿ. ಆಮೇಲೆ ಜಗಳಕ್ಕೆ ಜಾಗ ಇರೋದಿಲ್ಲ.

ಒಂದು ದಿನದ ಕೆಲಸಕ್ಕೆ ನಮ್ಮ ಲೆಕ್ಕ ಹೀಗಿರ್ತದೆ (ನಿಮ್ಮೂರಿನ ಕೂಲಿ ಬೇರೆ ಇರಬಹುದು, ಲೆಕ್ಕದ ಕ್ರಮ ನೋಡಿ):

- ಮರ ಹತ್ತುವವನಿಗೆ: 1,200 ರೂ.
- ಕೆಳಗಿನ ಇಬ್ಬರಿಗೆ, ತಲಾ 800: 1,600 ರೂ.
- ಪೆಟ್ರೋಲ್, ಆಯಿಲ್, ಚೈನ್ ಸವಕಳಿ: 400 ರೂ.
- ಗಾಡಿ: 300 ರೂ.
- ಹಗ್ಗ, ಬೆಲ್ಟ್ ಬದಲಿಸೋ ನಿಧಿ: 300 ರೂ.
- ವಿಮೆ, ಮಳೆಗಾಲದ ಮೀಸಲು: 200 ರೂ.
- ಒಟ್ಟು ಖರ್ಚು: 4,000 ರೂ.
- ಉದ್ಯೋಗದ ಲಾಭ ಶೇ 20: 800 ರೂ.
- ಹೇಳುವ ದರ: 4,800 ರೂ.

ಇದರಲ್ಲಿ ಎರಡು ಸಾಲಿನಲ್ಲಿ ಮನೆಮಂದಿಯ ಉದ್ಯೋಗಗಳು ಎಡವುತ್ತವೆ. ಒಂದು, "ತಮ್ಮ ತಾನೇ, ಅವನಿಗೇನು ಕೂಲಿ" ಅನ್ನೋದು. ತಮ್ಮನ ಕೂಲಿಯೂ ಖರ್ಚೇ, ಸಂಜೆಯೇ ಅವನ ಕೈಗೆ ಹೋಗಬೇಕು. ಇಲ್ಲದಿದ್ರೆ ಎರಡು ವರ್ಷಕ್ಕೆ ಅವನು ಬೇರೆ ಕೆಲಸ ಹುಡುಕ್ತಾನೆ, ತಪ್ಪು ಅವನದಲ್ಲ. ಇನ್ನೊಂದು, ಹಗ್ಗದ ನಿಧಿಯನ್ನು ಮನೆಖರ್ಚಿಗೆ ಮುಟ್ಟೋದು. ನಮ್ಮಲ್ಲಿ ಲೆಕ್ಕದ ಪುಸ್ತಕ, ಬ್ಯಾಂಕ್ ಖಾತೆ ಎರಡೂ ಹೆಂಡತಿಯ ಕೈಯಲ್ಲಿವೆ. ಉದ್ಯೋಗದ ಖಾತೆ ಬೇರೆ, ಮನೆಯ ಖಾತೆ ಬೇರೆ. ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಉಚಿತ, ನೀವೇ ಮಾಡಿಕೊಳ್ಳಬಹುದು. ಏಜೆಂಟರಿಗೆ ದುಡ್ಡು ಕೊಡಬೇಡಿ.

ಮೂರು ಕೊಯ್ತದ ಕ್ರಮ

ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಒಂದು ಸಂಗತಿ ತೋರಿಸಿಕೊಟ್ಟರು. ನಮ್ಮ ಚರ್ಮದಂತೆ ಮರದ ಗಾಯ ಮಾಗೋದಿಲ್ಲ. ಕೊಳೆತ ಭಾಗದ ಸುತ್ತ ಮರ ಒಳಗೇ ಗೋಡೆ ಕಟ್ಟಿಕೊಳ್ತದೆ, ಮೇಲಿಂದ ಹೊಸ ಮರ ಬೆಳೆದು ಮುಚ್ಚುತ್ತದೆ. ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಬಳೆಯಂತೆ ಉಬ್ಬಿದ ಜಾಗ ಇರ್ತದಲ್ಲ, ನಾವು ಅದನ್ನ 'ಕೊರಳು' ಅಂತೇವೆ. ಆ ಗೋಡೆ ಕಟ್ಟೋ ಶಕ್ತಿ ಹೆಚ್ಚಿರೋದು ಅಲ್ಲಿ. ಅದನ್ನೇ ಕೊಯ್ದರೆ ಕೊಳೆತ ನೇರ ಕಾಂಡಕ್ಕೆ ಇಳೀತದೆ.

1. ಕಾಂಡದಿಂದ ಒಂದು ಅಡಿ ದೂರದಲ್ಲಿ, ಟೊಂಗೆಯ ಕೆಳಗಿಂದ ಮೇಲಕ್ಕೆ ಕಾಲು ಭಾಗ ಕೊಯ್ಯಿರಿ. ತೊಗಟೆ ಸೀಳದಂತೆ ತಡೆಯೋದು ಇದೇ.
2. ಅದರಿಂದ ಎರಡು-ಮೂರು ಇಂಚು ಹೊರಗೆ, ಮೇಲಿಂದ ಪೂರ್ತಿ ಕೊಯ್ಯಿರಿ. ಭಾರ ಇಳಿದು ಹೋಗ್ತದೆ. ಮನೆ ಮೇಲಿದ್ದರೆ ಮೊದಲೇ ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಿ.
3. ಉಳಿದ ಮೋಟನ್ನು ಕೊರಳಿನ ಹೊರಗಡೆಗೆ ಸರಿಯಾಗಿ ತೆಗೆಯಿರಿ. ಕೊರಳು ಉಳಿಯಲಿ, ಉದ್ದ ಮೋಟು ಉಳಿಯೋದು ಬೇಡ.

ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಗಾಯಕ್ಕೆ ಟಾರು, ಸಿಮೆಂಟು ಮೆತ್ತಬೇಡಿ. ದೊಡ್ಡ ಕೊಯ್ತಕ್ಕೆ ಮಾತ್ರ ಬೋರ್ಡೋ ಮುಲಾಮು ಹಚ್ಚುತ್ತೇವೆ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಕಬ್ಬಿಣದ ಪಾತ್ರೆ ಬೇಡ. ಇದು ಗಾಯ ಮಾಗಿಸೋ ಮದ್ದಲ್ಲ, ಶಿಲೀಂಧ್ರಕ್ಕೆ ತಡೆ ಅಷ್ಟೇ. ಸಾವಯವ ದೃಢೀಕರಣ ಇರುವ ತೋಟ ಆದ್ರೆ ತಾಮ್ರ ಬಳಸೋ ಮುಂಚೆ ದೃಢೀಕರಿಸೋರನ್ನು ಕೇಳಿ.

ಬಂದಳಿಕೆಯನ್ನು ಬರೀ ಕಿತ್ತರೆ ಮತ್ತೆ ಚಿಗುರ್ತದೆ. ಅದು ಅಂಟಿದ ಜಾಗದಿಂದ ಒಂದು ಅಡಿ ಕೆಳಗೆ ಟೊಂಗೆ ಸಮೇತ ತೆಗೆಯಿರಿ, ಅದೂ ಕಾಯಿ ಬಿಡೋ ಮುಂಚೆ. ಹಕ್ಕಿಗಳು ಆ ಬೀಜವನ್ನು ಊರೆಲ್ಲ ಹಂಚ್ತವೆ.

ತೆಂಗಿನ ಮರದಲ್ಲಿ

ಹತ್ತೋಕೆ ಸುಲಭ ಅಂತ ಕಾಂಡಕ್ಕೆ ಮೆಟ್ಟಿಲು ಕಡಿಯಬೇಡಿ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರ್ತದೆ. ಹಸಿರು ಗರಿ ಕಡಿಯಲೇಬೇಕಾದ್ರೆ ಕಾಂಡದಿಂದ ನಾಲ್ಕು ಅಡಿ ದಂಟು ಬಿಟ್ಟು ಕಡಿಯಿರಿ. ಹೇಗೂ ಮೇಲೆ ಹತ್ತಿರ್ತೀರಿ, ಸುಳಿಯ ಹತ್ತಿರದ ಮೂರು ಗರಿಗಳ ಸಂದಿಗೆ 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ತುಂಬಿ. ವರ್ಷಕ್ಕೆ ಮೂರು ಸಲ ಮಾಡಿದ್ರೆ ರೈನೋಸೆರಸ್ ದುಂಬಿಯ ಕಾಟ ಇಳೀತದೆ. ಕಾಯಿ ಕೊಯ್ಯೋ ಕೂಲಿಯ ಮೇಲೆ ಇದಕ್ಕೆ ಸ್ವಲ್ಪ ಹೆಚ್ಚು ಕೇಳಬಹುದು, ಜನ ಕೊಡ್ತಾರೆ.

ಜೀವದ ವಿಷಯ

ಮನೆಮಂದಿಯ ಉದ್ಯೋಗದಲ್ಲಿ ಒಂದು ಅಪಾಯ ಬೇರೆ ಕಡೆ ಇರೋದಿಲ್ಲ. ಅಪ್ಪ "ಹತ್ತು" ಅಂದ್ರೆ ಮಗ "ಇಲ್ಲ" ಅನ್ನೋದಿಲ್ಲ. ಒಂದು ಜೂನ್‌ನಲ್ಲಿ ಒದ್ದೆ ಮರ ಹತ್ತಿ ತಮ್ಮ ಜಾರಿದ. ಬೆಲ್ಟು, ಹಗ್ಗ ಇದ್ದದ್ದಕ್ಕೆ ಉಳಿದ. "ಬೇಡ ಅನ್ನಿಸಿತ್ತು, ಅಪ್ಪನಿಗೆ ಹೇಗೆ ಹೇಳೋದು ಅಂತ ಸುಮ್ಮನಾದೆ" ಅಂದ. ಆವತ್ತು ರಾತ್ರಿ ಅಪ್ಪನೇ ನಿಯಮ ಮಾಡಿದರು: ಮರದ ಮೇಲಿರೋನ ಮಾತೇ ಕೊನೆ. ಅವನು ಬೇಡ ಅಂದ್ರೆ ಕೆಲಸ ನಿಂತಿತು, ಕಾರಣ ಕೇಳೋ ಹಾಗಿಲ್ಲ.

- ಒಬ್ಬರೇ ಹತ್ತಬೇಡಿ. ಕೆಳಗೆ ಒಬ್ಬರು ಇರಲೇಬೇಕು.
- ಒದ್ದೆ ಮರ, ಜೋರು ಗಾಳಿ ಇದ್ದಾಗ ರಜೆ. ಏಣಿ ಮೇಲೆ ನಿಂತು ಚೈನ್ ಸಾ ಹಿಡಿಯಬೇಡಿ.
- ಹತ್ತಿರ ವಿದ್ಯುತ್ ತಂತಿ ಇದ್ದರೆ ಹೆಸ್ಕಾಂಗೆ ತಿಳಿಸಿ, ಲೈನ್‌ಮ್ಯಾನ್ ಎದುರಲ್ಲೇ ಲೈನ್ ಬಂದ್ ಆದ ಮೇಲೆ ಮುಟ್ಟಿ.
- ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ. ಅಪಘಾತದಲ್ಲಿ ಜೀವ ಹೋದ್ರೆ ಮನೆಯವರಿಗೆ 2 ಲಕ್ಷ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಇದೆ, ಕಂತಿನ ಹೆಚ್ಚಿನ ಪಾಲು ಮಂಡಳಿಯೇ ಕಟ್ಟುತ್ತದೆ. ಎರಡನ್ನೂ ಮಾಡಿಸಿ.
- ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಬುಡ ಕಡಿಯೋದಷ್ಟೇ ಅಲ್ಲ, ಟೊಂಗೆ ಸವರೋದೂ 'ಕಡಿಯುವುದು' ಅನ್ನೋದರಲ್ಲಿ ಸೇರ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ದೊಡ್ಡ ಕೆಲಸಕ್ಕೆ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ರಸ್ತೆ ಬದಿಯ ಮರ ಯಾರು ಹೇಳಿದ್ರೂ ಲಿಖಿತ ಅನುಮತಿ ಇಲ್ಲದೆ ಮುಟ್ಟಬೇಡಿ.

ವರ್ಷದ ಕೆಲಸ

ಅಕ್ಟೋಬರ್, ನವೆಂಬರ್‌ನಲ್ಲಿ ಬಂದಳಿಕೆ, ಒಣ ಟೊಂಗೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾವು ಹೂವಲ್ಲಿರ್ತದೆ, ಅದನ್ನ ಬಿಟ್ಟು ತೆಂಗಿನ ಕೆಲಸ. ಮಾರ್ಚ್, ಏಪ್ರಿಲ್‌ನಲ್ಲಿ ಮನೆ ಮೇಲಿನ ಅಪಾಯದ ಟೊಂಗೆ. ಮೇನಲ್ಲಿ ಬಲೆ ಕಟ್ಟಿದ ದೋಟಿಯಿಂದ ಇಶಾಡ ಕೊಯ್ಲು. ಮಳೆಗಾಲದ ನಾಲ್ಕು ತಿಂಗಳು ಹತ್ತೋ ಕೆಲಸ ಇಲ್ಲ. ಆವಾಗ ಮನೆಯಲ್ಲಿ ಮಾವಿನ ಕಸಿ ಕಟ್ಟುತ್ತೇವೆ. ಮೀಸಲಿಟ್ಟ ದುಡ್ಡು ಬೇಕಾಗೋದೂ ಆವಾಗಲೇ.

ಈ ವಾರ ನೀವು ಮಾಡಬೇಕಾದ್ದು

ನಿಮ್ಮ ಅಂಗಳದ ಒಂದು ಮರದ ಫೋಟೋ ತೆಗೆಯಿರಿ. ಟೊಂಗೆಯ ಕೊರಳು ಎಲ್ಲಿದೆ ಅಂತ ಗುರುತು ಮಾಡಿ. ತೆಗೆಯಲೇಬೇಕಾದ ಟೊಂಗೆ ಎಷ್ಟು, ಬಿಡಬಹುದಾದದ್ದು ಎಷ್ಟು ಅಂತ ಬರೆಯಿರಿ. ಆಮೇಲೆ ಮೇಲಿನ ಕ್ರಮದಲ್ಲಿ ನಿಮ್ಮೂರಿನ ಕೂಲಿ ಹಾಕಿ ದರ ಲೆಕ್ಕ ಮಾಡಿ. ಗರಗಸ ಆಮೇಲೆ ಕೊಳ್ಳಬಹುದು.

ಅಜ್ಜಿಯ ಮರ ಪೂರ್ತಿ ಒಣಗೋ ಮುಂಚೆ ಉಳಿದ ಟೊಂಗೆಯಿಂದ ಕಡ್ಡಿ ತಂದು ಕಸಿ ಕಟ್ಟಿದ್ದೆ. ಎರಡು ಹಿಡಿದವು. ಒಂದನ್ನು ಅವರ ಅಂಗಳದಲ್ಲೇ ನೆಟ್ಟು ಬಂದೆ, ಈಗ ಸೊಂಟದೆತ್ತರ ಆಗಿದೆ. ಅದರ ಆಕಾರ ಸವರೋಕೆ ಪ್ರತಿ ವರ್ಷ ಹೋಗ್ತೇನೆ. ಆ ಕೆಲಸಕ್ಕೆ ಕೂಲಿ ಇಲ್ಲ.