ಕಾಕಟೀಲ್: ಅಂಜುವ ಹಕ್ಕಿಯೊಡನೆ ಸ್ನೇಹ

ಬೂದು ಬಣ್ಣದ ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ತಲೆಯ ಮೇಲೆ ಏಳುತ್ತ ಬೀಳುತ್ತ ಇರುವ ಜುಟ್ಟು. ಈ ಲಕ್ಷಣಗಳುಳ್ಳ ಚಿಕ್ಕ ಹಕ್ಕಿಯೇ ಕಾಕಟೀಲ್. ಅಂಗಡಿಗಳಲ್ಲಿ ಇದನ್ನು 'ಕಾಕ್‌ಟೇಲ್' ಎಂದು ಕರೆಯುವುದೂ ಉಂಟು. ಇದನ್ನು ಕೊಂಡು ತಂದ ಬಾಲಕನು ಅದು ಆ ದಿನವೇ ತನ್ನ ಭುಜದ ಮೇಲೆ ಕುಳಿತು ಸಿಳ್ಳು ಹಾಕುವುದೆಂದು ಆಶಿಸುತ್ತಾನೆ. ಆದರೆ ಹಕ್ಕಿಯೋ ಅವನ ಕೈ ಕಂಡೊಡನೆ ಪಂಜರದ ಮೂಲೆಗೆ ಸರಿದು ಬುಸುಗುಟ್ಟುತ್ತದೆ. ಹೀಗೇಕೆ? ಈ ಅಂಜಿಕೆಯನ್ನು ಕಳೆಯುವ ಮಾರ್ಗವಾವುದು? ಈ ಪ್ರಶ್ನೆಗಳಿಗೆ ಭೌತವಿಜ್ಞಾನವೂ ಜೀವವಿಜ್ಞಾನವೂ ಕೂಡಿ ಉತ್ತರ ಕೊಡುತ್ತವೆ.

ಹಕ್ಕಿಯ ಮೂಲ

ಕಾಕಟೀಲ್ ಆಸ್ಟ್ರೇಲಿಯಾದ ಒಳನಾಡಿನ ಒಣಪ್ರದೇಶದ ಹಕ್ಕಿ. ನೀರನ್ನೂ ಹುಲ್ಲಿನ ಬೀಜವನ್ನೂ ಅರಸಿ ಗುಂಪುಗೂಡಿ ಅಲೆಯುವುದು ಅದರ ಸ್ವಭಾವ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಲಾಯಿತು. ಇದು ಕಾಕಟೂ ಕುಟುಂಬದಲ್ಲಿ ಅತ್ಯಂತ ಚಿಕ್ಕದು. ತೂಕ ಸುಮಾರು 90 ಗ್ರಾಂ. ಬಾಲವೂ ಸೇರಿ ಉದ್ದ ಸುಮಾರು 32 ಸೆಂಟಿಮೀಟರು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುತ್ತದೆ. ಆದುದರಿಂದ ಹತ್ತನೆಯ ತರಗತಿಯಲ್ಲಿ ಹಕ್ಕಿಯನ್ನು ತಂದವನು ತನ್ನ ಮೂವತ್ತನೆಯ ವಯಸ್ಸಿನವರೆಗೂ ಅದರ ಹೊಣೆ ಹೊತ್ತಂತೆಯೇ ಸರಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನಮ್ಮ ಆಲದ ಮರಗಳಲ್ಲಿಯೂ ತೆಂಗಿನ ಪೊಟರೆಗಳಲ್ಲಿಯೂ ವಾಸಿಸುವ ಹಸಿರು ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧಗಳು. ಕಾಕಟೀಲ್ ಮಾತ್ರ ಹಲವು ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದ ವಿದೇಶೀ ಹಕ್ಕಿ. ಬೇಸರವಾಯಿತೆಂದು ಅದನ್ನು ಬಯಲಿಗೆ ಬಿಟ್ಟರೆ ಅದು ಸ್ವಾತಂತ್ರ್ಯವಾಗದು, ಮರಣದಂಡನೆಯಾಗುತ್ತದೆ. ಆಹಾರವೆಲ್ಲಿದೆ, ಗಿಡುಗವೆಲ್ಲಿದೆ ಎಂಬುದನ್ನು ಅದು ಕಲಿತಿಲ್ಲ.

ಅಂಜಿಕೆಯ ಕಾರಣ

ಬೇಟೆಗೆ ಗುರಿಯಾಗುವ ಪ್ರಾಣಿಗಳಲ್ಲಿ ಅಂಜಿಕೆಯೇ ಆಯುಧ. ಕಾಕಟೀಲಿನ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದು ತಲೆ ತಿರುಗಿಸದೆಯೇ ಸುತ್ತಲಿನ ಬಹುಭಾಗವನ್ನು ನೋಡಬಲ್ಲುದು. ಮೇಲಿನಿಂದ ಇಳಿಯುವ ಕೈಯಲ್ಲಿ ಎರಗುವ ಗಿಡುಗವನ್ನೂ, ಎದುರಿನಿಂದ ದಿಟ್ಟಿಸುವ ಎರಡು ಕಣ್ಣುಗಳಲ್ಲಿ ಹೊಂಚುವ ಬೆಕ್ಕನ್ನೂ ಅದು ಕಾಣುತ್ತದೆ ಎಂದರೆ ತಪ್ಪಾಗದು.

ಕಾಲುಗಳಿಂದಲೂ ಅದು ಅಪಾಯವನ್ನು ಅರಿಯುತ್ತದೆ. ಹಕ್ಕಿಗಳ ಕಾಲಿನಲ್ಲಿ ಹರ್ಬ್ಸ್ಟ್ ಕಣಗಳೆಂಬ ಸೂಕ್ಷ್ಮ ಅಂಗಗಳಿದ್ದು, ಕೊಂಬೆಯ ಅತ್ಯಲ್ಪ ಕಂಪನವನ್ನೂ ಗ್ರಹಿಸುತ್ತವೆ. ಗೌರಿಬಿದನೂರಿನ ಬಳಿ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಜಾಲವು ದೂರದೇಶಗಳ ಭೂಗರ್ಭ ಅಣುಸ್ಫೋಟಗಳ ನಡುಕವನ್ನು ಗುರುತಿಸುವುದಕ್ಕಾಗಿ ರಚಿತವಾದುದು. ಕಾಕಟೀಲಿನ ಕಾಲುಗಳು ಅಂತಹವೇ ಪುಟ್ಟ ಮಾಪಕಗಳು. ನಡುರಾತ್ರಿ ಲಾರಿಯೊಂದು ಬೀದಿಯಲ್ಲಿ ಹಾದುಹೋದರೂ ಬೆಚ್ಚಿಬಿದ್ದು ಕತ್ತಲಲ್ಲಿ ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದು ಈ ಹಕ್ಕಿಗೆ ವಿಶೇಷ. ಆದುದರಿಂದ ಪಂಜರವನ್ನು ಗೋಡೆಗೆ ಒತ್ತಿ, ನಮ್ಮ ಎದೆಯ ಮಟ್ಟದಲ್ಲಿ, ಅಲುಗಾಡದಂತೆ ಇಡಬೇಕು. ರಾತ್ರಿ ಮಂದವಾದ ದೀಪವೊಂದಿರಬೇಕು.

ಶಾಖ ಮತ್ತು ಗಾಳಿ

ವಸ್ತು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತೀರ್ಣ ಹೆಚ್ಚು. 60 ಕಿಲೋಗ್ರಾಂ ತೂಗುವ ಮನುಷ್ಯನು 90 ಗ್ರಾಂ ಹಕ್ಕಿಯ ಸುಮಾರು 667 ಪಾಲು ತೂಗುತ್ತಾನೆ. ಎರಡರ ಆಕಾರವೂ ಒಂದೇ ಎಂದು ಭಾವಿಸೋಣ. 667ರ ಘನಮೂಲ ಸುಮಾರು 8.7. ಎಂದರೆ ಒಂದೊಂದು ಗ್ರಾಂ ತೂಕಕ್ಕೆ ಶಾಖವನ್ನು ಬಿಟ್ಟುಕೊಡುವ ಮೈ ಹಕ್ಕಿಗೆ ನಮಗಿಂತ ಸುಮಾರು 9 ಪಾಲು ಹೆಚ್ಚು. ಅದರ ಒಳಗಿನ ಉಷ್ಣತೆಯಾದರೋ ಸುಮಾರು 41 ಡಿಗ್ರಿ. ಈ ನಷ್ಟವನ್ನು ತಡೆಯುವುದು ಗರಿಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ವಾಯು. ನಂದಿಬೆಟ್ಟದ ತಪ್ಪಲಿನ ಜನವರಿಯ ರಾತ್ರಿಯಲ್ಲಿ ಕಿಟಕಿಯಿಂದ ಬೀಸುವ ತಣ್ಣನೆಯ ಗಾಳಿ ಆ ಹೊದಿಕೆಯನ್ನು ಕದಡುತ್ತದೆ. ಏಪ್ರಿಲ್ ತಿಂಗಳಲ್ಲಿ ಕಷ್ಟವು ತಿರುಗುಮುರುಗು. ಹಕ್ಕಿಗೆ ಬೆವರಿಲ್ಲ, ಬಾಯಿ ತೆರೆದು ತೇಕುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಸೆಕೆ ತಾಳಲಾರದೆಂದು ತಿಳಿದು ನೆರಳಿಗೆ ಸರಿಸಿ ನೀರು ಕೊಡಬೇಕು.

ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವುದರಿಂದ ಆಮ್ಲಜನಕವು ಬಹು ಸಮರ್ಥವಾಗಿ ರಕ್ತವನ್ನು ಸೇರುತ್ತದೆ. ಆದರೆ ವಿಷವೂ ಹಾಗೆಯೇ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ವಿಷಾನಿಲದ ಸೂಚಕಗಳಾಗಿ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದುದು ಇದರಿಂದಲೇ. ಅಂಟದ ಲೇಪವುಳ್ಳ ದೋಸೆಯ ಕಾವಲಿ ಅತಿಯಾಗಿ ಕಾದರೆ ಹೊರಡುವ ಅನಿಲವು ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲುದು. ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ ಇವೂ ಒಳ್ಳೆಯವಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆಹುಳುವಿನ ಮನೆಯನ್ನು ಫಾರ್ಮಲಿನ್ ಅಥವಾ ಬ್ಲೀಚಿಂಗ್ ಪುಡಿಯಿಂದ ಶುದ್ಧಿ ಮಾಡುವ ದಿನಗಳಲ್ಲಿ ಪಂಜರವನ್ನು ದೂರದ ಮನೆಗೆ ಸಾಗಿಸತಕ್ಕದ್ದು.

ಇನ್ನೊಂದು ಮಾತನ್ನು ಮಕ್ಕಳಿಗೆ ಮರೆಯದೆ ತಿಳಿಸಬೇಕು. ನಮಗಿರುವಂತಹ ವಪೆ ಹಕ್ಕಿಗಿಲ್ಲ. ಎದೆಗೂಡೇ ತಿದಿಯಂತೆ ಹಿಗ್ಗಿ ಕುಗ್ಗಿ ಗಾಳಿಯನ್ನು ಎಳೆಯುತ್ತದೆ. ಪ್ರೀತಿಯಿಂದಲೇ ಆಗಲಿ, ಎದೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಅದಕ್ಕೆ ಉಸಿರೇ ಇಲ್ಲ.

ಆಹಾರ

ಜಗತ್ತಿನಾದ್ಯಂತ ಇಂತಹ ಹಕ್ಕಿಗಳಿಗೆ ಮೆಚ್ಚಿನ ತಿನಿಸೆಂದು ಮಾರಾಟವಾಗುವ ತೆನೆಯು ನಮ್ಮ ಹೊಲಗಳ ನವಣೆಯ ತೆನೆಯೇ! ನವಣೆ, ಸಾಮೆ, ಸಜ್ಜೆ ಇವು ಕಾಕಟೀಲಿಗೆ ಒಗ್ಗುತ್ತವೆ. ಆದರೆ ಬರಿಯ ಕಾಳಿನಲ್ಲಿ ಎ ಜೀವಸತ್ವ ಸಾಲದು. ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಇವುಗಳನ್ನು ಔಷಧದ ಅಂಶ ಹೋಗುವಂತೆ ಚೆನ್ನಾಗಿ ತೊಳೆದು ಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಇವು ವಿಷಸಮಾನ. ಕೂರುವುದಕ್ಕೆ ಒಂದೇ ದಪ್ಪದ ನುಣುಪು ಕೋಲಿಗಿಂತ, ಔಷಧ ಸಿಂಪಡಿಸದ ಹಿಪ್ಪುನೇರಳೆಯ ಅಥವಾ ಸೀಬೆಯ ಏರುಪೇರಾದ ಕೊಂಬೆ ಲೇಸು.

ನಂಬಿಕೆಯ ಮೆಟ್ಟಿಲುಗಳು

ಒಂದು ಕ್ರಿಯೆಯ ಬೆನ್ನಿಗೇ ಹಿತವಾದ ಫಲ ದೊರೆತರೆ ಪ್ರಾಣಿಯು ಆ ಕ್ರಿಯೆಯನ್ನು ಮರಳಿ ಮಾಡುತ್ತದೆಂಬುದನ್ನು ಅಮೆರಿಕದ ಬಿ. ಎಫ್. ಸ್ಕಿನ್ನರ್ ಇಲಿಗಳಲ್ಲಿಯೂ ಪಾರಿವಾಳಗಳಲ್ಲಿಯೂ ತೋರಿಸಿಕೊಟ್ಟನು. ಕಾಕಟೀಲಿಗೂ ಇದೇ ಪಾಠಕ್ರಮ.

1. ಮೊದಲ ಎರಡು ಮೂರು ದಿನ ಹಕ್ಕಿಯನ್ನು ಅದರ ಪಾಡಿಗೆ ಬಿಡಿರಿ. ನೀರು ಮೇವುಗಳಿಗಲ್ಲದೆ ಕೈ ಒಳಗೆ ಹೋಗಬಾರದು.
2. ಅನಂತರ ಪಂಜರದಿಂದ ಕೊಂಚ ದೂರದಲ್ಲಿ ಕುಳಿತು ಮೆಲುದನಿಯಲ್ಲಿ ನಿಮ್ಮ ಪಾಠವನ್ನೇ ಓದಿರಿ, ದಿಟ್ಟಿಸಿ ನೋಡಬೇಡಿ.
3. ಹಕ್ಕಿ ನಿಮ್ಮೆದುರಿನಲ್ಲಿ ನಿರಾತಂಕವಾಗಿ ತಿನ್ನಲಾರಂಭಿಸಿದ ಮೇಲೆ ನವಣೆಯ ತೆನೆಯನ್ನು ಕಂಬಿಗಳ ನಡುವೆ ಹಿಡಿಯಿರಿ.
4. ಬಾಗಿಲು ತೆರೆದು, ಕೆಳಗಿನಿಂದ ನಿಧಾನವಾಗಿ ಕೈಯನ್ನು ತಂದು ತೆನೆ ಕೊಡಿರಿ.
5. ಕೊನೆಗೆ ತೋರುಬೆರಳನ್ನು ಕಾಲಿನ ಮೇಲ್ಭಾಗದಲ್ಲಿ ಹೊಟ್ಟೆಗೆ ಹಗುರವಾಗಿ ತಾಗಿಸಿ 'ಹತ್ತು' ಎನ್ನಿರಿ. ಹತ್ತಿದೊಡನೆ ಕಾಳು ಕೊಡಿರಿ.

ದಿನಕ್ಕೆರಡು ಸಲ, ಪ್ರತಿಸಲವೂ 5ರಿಂದ 10 ನಿಮಿಷ ಸಾಕು. ಹಕ್ಕಿ ಹಿಂಜರಿದರೆ ನಾವೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಕೆಲವಕ್ಕೆ ಒಂದು ವಾರ, ಕೆಲವಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಉಪವಾಸ ಕೆಡವಿ ಪಳಗಿಸುವುದು ಕ್ರೌರ್ಯವೂ ಹೌದು, ಅಪಾಯವೂ ಹೌದು.

ಹಕ್ಕಿಯ ಮನಸ್ಸನ್ನು ಅದರ ಜುಟ್ಟೇ ಹೇಳುತ್ತದೆ. ನೆಟ್ಟಗೆ ನಿಮಿರಿದರೆ ಬೆದರಿಕೆ ಅಥವಾ ಕುತೂಹಲ. ತಲೆಗಂಟಿ ಬಾಯಿ ಬುಸುಗುಟ್ಟಿದರೆ ಕೋಪ. ಸಡಿಲವಾಗಿ ಅರೆ ಬಾಗಿದ್ದರೆ ಸಮಾಧಾನ. ಒಂಟಿಗಾಲಿನಲ್ಲಿ ನಿಂತು ಕೊಕ್ಕನ್ನು ಮೆಲ್ಲಗೆ ಮಸೆಯುತ್ತಿದ್ದರೆ ಅದು ನಿಮ್ಮನ್ನು ನಂಬಿ ನಿದ್ದೆಗೆ ಸಿದ್ಧವಾಗಿದೆ ಎಂದರ್ಥ.

ತಕ್ಕಡಿಯ ಸಾಕ್ಷ್ಯ

ಗುಂಪಿನಲ್ಲಿ ಬಾಳುವ ಹಕ್ಕಿ ತನ್ನ ರೋಗವನ್ನು ಮರೆಮಾಚುತ್ತದೆ. ನಿತ್ರಾಣವಾಗಿ ಕಂಡ ಹಕ್ಕಿಯೇ ಶತ್ರುವಿನ ಮೊದಲ ತುತ್ತಲ್ಲವೆ? ಉಬ್ಬಿದ ಗರಿಗಳೊಳಗೆ ಕೃಶವಾದ ಮೈಯನ್ನು ಕಣ್ಣು ಕಾಣಲಾರದು, ತಕ್ಕಡಿ ಕಾಣಬಲ್ಲುದು. ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಅಡಿಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. 90 ಗ್ರಾಂ ಹಕ್ಕಿ 81ಕ್ಕೆ ಇಳಿದರೆ ತೂಕದ ಹತ್ತನೆಯ ಒಂದು ಭಾಗ ಹೋಯಿತು. ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಂಬಿಕೆಯ ನಿಜವಾದ ಪ್ರಯೋಜನ ಇಲ್ಲಿದೆ. ತಾನಾಗಿ ಬೆರಳನ್ನೇರಿ ತಕ್ಕಡಿಯ ಮೇಲೆ ನಿಲ್ಲುವ ಹಕ್ಕಿಯ ರೋಗವು ಬೇಗನೆ ಬಯಲಾಗುತ್ತದೆ. ಅಂಜುವ ಹಕ್ಕಿಯ ರೋಗವು ಕೈಮೀರಿದ ಮೇಲೆ ತಿಳಿಯುತ್ತದೆ. ಪಂಜರವನ್ನು ಶುಚಿ ಮಾಡಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯುವುದೂ ಅವಶ್ಯಕ. ಗಿಣಿಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಜ್ವರವೊಂದುಂಟು.

ಅಭ್ಯಾಸ

1. 2 ಕಿಲೋಗ್ರಾಂ ತೂಗುವ ಕೋಳಿಗೂ 90 ಗ್ರಾಂ ಕಾಕಟೀಲಿಗೂ ಗ್ರಾಂ ಒಂದಕ್ಕೆ ಇರುವ ಮೈ ವಿಸ್ತೀರ್ಣವನ್ನು ಹೋಲಿಸಿರಿ.
2. ಚಳಿಯಲ್ಲಿ ಹಕ್ಕಿ ಗರಿಗಳನ್ನು ಉಬ್ಬಿಸುವುದೇಕೆ? ನೀರಿನಲ್ಲಿ ತೊಯ್ದ ಹಕ್ಕಿ ನಡುಗುವುದೇಕೆ?
3. ಕೈ ಸಮೀಪಿಸಿದಾಗ ಹಕ್ಕಿ ಎಷ್ಟು ದೂರದಲ್ಲಿ ಹಿಂಜರಿಯುತ್ತದೆಂದು ಪ್ರತಿದಿನವೂ ಅಳೆದು, ದಿನಗಳಿಗೆ ಎದುರಾಗಿ ನಕ್ಷೆ ಬರೆಯಿರಿ. ಆ ರೇಖೆ ಕೆಳಗಿಳಿಯುತ್ತ ಸೊನ್ನೆಯನ್ನು ಮುಟ್ಟಿದ ದಿನ ಹಕ್ಕಿ ನಿಮ್ಮ ಬೆರಳ ಮೇಲಿರುತ್ತದೆ.