ಬಂದೂಕಿನಿಂದ ಮತಪೆಟ್ಟಿಗೆಗೆ: ಮಿಜೋರಾಮ್ ಕಲಿಸುವ ಪಾಠ

ದಂಗೆಯೆದ್ದವರು ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಆಯುಧಗಳನ್ನು ಒಪ್ಪಿಸಿದೊಡನೆ ಶಾಂತಿ ನೆಲೆಸಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆಯುಧವನ್ನು ಕೆಳಗಿಡುವುದು ಒಂದು ದಿನದ ಕೆಲಸ. ಚುನಾವಣೆಯಲ್ಲಿ ಸೋತು, ಆ ಸೋಲನ್ನು ಒಪ್ಪಿ, ಮುಂದಿನ ಚುನಾವಣೆಯವರೆಗೆ ಕಾದಿರುವುದು ಬಹುಕಾಲದ ಅಭ್ಯಾಸ. ಈ ಎರಡನೆಯದೇ ನಿಜವಾದ ಪರೀಕ್ಷೆಯೆಂಬುದನ್ನು ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿರುವ ಮಿಜೋರಾಮ್ ರಾಜ್ಯದ ಚರಿತ್ರೆಯಿಂದ ತಿಳಿಯಬಹುದು.

ಮಿಜೋ ಬೆಟ್ಟಗಳು ಹಿಂದೆ ಅಸ್ಸಾಮಿನ ಒಂದು ಜಿಲ್ಲೆಯಾಗಿದ್ದವು. ಅಲ್ಲಿ ಸುಮಾರು ಅರ್ಧ ಶತಮಾನಕ್ಕೊಮ್ಮೆ ಬಿದಿರು ಒಟ್ಟಾಗಿ ಹೂಬಿಡುತ್ತದೆ. ಅದರ ಬೀಜವನ್ನು ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ; ಬೀಜ ಮುಗಿದ ಮೇಲೆ ಹೊಲಕ್ಕೂ ಕಣಜಕ್ಕೂ ನುಗ್ಗುತ್ತವೆ. ಈ ಕ್ಷಾಮವನ್ನು ಅಲ್ಲಿಯವರು ‘ಮೌತಾಮ್’ ಎನ್ನುತ್ತಾರೆ. ಬಿದಿರು ಹೂಬಿಟ್ಟರೆ ಬರ ಬರುವುದೆಂದು ನಮ್ಮ ಕಡೆಯ ಹಿರಿಯರೂ ಹೇಳುವುದುಂಟಷ್ಟೆ. 1959ರ ಮೌತಾಮಿನಲ್ಲಿ ಅಸ್ಸಾಮ್ ಸರಕಾರವು ಸಕಾಲದಲ್ಲಿ ನೆರವಾಗಲಿಲ್ಲವೆಂದು ಜನರು ನೊಂದರು. ಆಗ ಹಸಿದವರಿಗೆ ಅಕ್ಕಿ ಹಂಚಲು ಹುಟ್ಟಿದ ಸಂಘವೇ 1961ರಲ್ಲಿ ಲಾಲ್‌ಡೆಂಗಾ ಅವರ ನಾಯಕತ್ವದಲ್ಲಿ ‘ಮಿಜೋ ನ್ಯಾಷನಲ್ ಫ್ರಂಟ್’ ಎಂಬ ರಾಜಕೀಯ ಸಂಸ್ಥೆಯಾಯಿತು.

1966ರ ಮಾರ್ಚಿಯಲ್ಲಿ ಈ ಸಂಸ್ಥೆಯು ಸ್ವಾತಂತ್ರ್ಯವನ್ನು ಘೋಷಿಸಿ ಶಸ್ತ್ರ ಹಿಡಿಯಿತು. ಸರಕಾರದ ವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ದಾಳಿಮಾಡಿದವು. ಹಳ್ಳಿಗರನ್ನು ಅವರ ಊರುಗಳಿಂದ ಎಬ್ಬಿಸಿ, ಸೈನ್ಯದ ಕಾವಲಿನಲ್ಲಿ ಹೊಸ ವಸತಿಗಳಿಗೆ ಸೇರಿಸಲಾಯಿತು. ಇಪ್ಪತ್ತು ವರ್ಷ ನಡೆದ ಈ ಕಲಹದಲ್ಲಿ ಹೆಚ್ಚು ಬೆಂದವರು ಎರಡು ಕಡೆಗೂ ಸೇರದ ಸಾಮಾನ್ಯರು.

1986ರ ಜೂನ್ 30ರಂದು ಶಾಂತಿ ಒಪ್ಪಂದವಾಯಿತು. ಇದರಲ್ಲಿ ಇಬ್ಬರೂ ಕೊಟ್ಟು ತೆಗೆದುಕೊಂಡರು. ಫ್ರಂಟು ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ಬಿಟ್ಟಿತು. ಕೇಂದ್ರ ಸರಕಾರವು ರಾಜ್ಯದ ಸ್ಥಾನಮಾನ ಕೊಡಲು ಒಪ್ಪಿತು. ಮಿಜೋ ಜನರ ಸಂಪ್ರದಾಯ, ರೂಢಿಯ ಕಾನೂನು, ಭೂಮಿಯ ಒಡೆತನ ಇವುಗಳ ಬಗ್ಗೆ ಸಂಸತ್ತು ಮಾಡುವ ಶಾಸನವು ವಿಧಾನಸಭೆಯ ಒಪ್ಪಿಗೆಯಿಲ್ಲದೆ ಅನ್ವಯಿಸದೆಂದು ಸಂವಿಧಾನದ 371ಜಿ ವಿಧಿಯಲ್ಲಿ ಸೇರಿಸಲಾಯಿತು. ಅಂದಿನ ಮುಖ್ಯಮಂತ್ರಿ, ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲಾ ಅವರು ತಮ್ಮ ಸ್ಥಾನವನ್ನು ಲಾಲ್‌ಡೆಂಗಾ ಅವರಿಗೆ ಬಿಟ್ಟುಕೊಟ್ಟದ್ದು ಸ್ಮರಣೀಯವಾದುದು. ದಂಗೆಕೋರರಿಗೆ ಪಟ್ಟ ಕಟ್ಟಿದರೆ ದಂಗೆಗೇ ಬಹುಮಾನ ಕೊಟ್ಟಂತಾಗದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಪಟ್ಟ ಶಾಶ್ವತವಾಗಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಮತದಾರನ ಬಾಗಿಲಿಗೆ ಹೋಗಲೇಬೇಕಾಗಿತ್ತು.

1987ರ ಚುನಾವಣೆಯಲ್ಲಿ ಫ್ರಂಟು ಗೆದ್ದಿತು. ಮರುವರ್ಷವೇ ಪಕ್ಷ ಒಡೆದು ಸರಕಾರ ಬಿದ್ದಿತು. 1989ರಲ್ಲಿ ಕಾಂಗ್ರೆಸ್ಸು ಗೆದ್ದಿತು. ಲಾಲ್‌ಡೆಂಗಾ 1990ರಲ್ಲಿ ತೀರಿಕೊಂಡರು. ಆದರೂ ಪಕ್ಷವು ಕಾಡಿಗೆ ಮರಳಲಿಲ್ಲ. ಹಿಂದೆ ಬಂಡಾಯದಲ್ಲಿದ್ದ ಜೋರಾಮ್‌ಥಾಂಗಾ ಅವರ ನಾಯಕತ್ವದಲ್ಲಿ 1998ರವರೆಗೆ ಕಾದು ಅಧಿಕಾರಕ್ಕೆ ಬಂದಿತು. ವಿಧಿಯ ವಿಚಿತ್ರವೇನೆಂದರೆ, ಅವರ ಆಡಳಿತದಲ್ಲಿಯೇ ಬಿದಿರು ಮತ್ತೆ ಹೂಬಿಟ್ಟಿತು. ಕ್ಷಾಮದಲ್ಲಿ ಹುಟ್ಟಿದ ಪಕ್ಷವೇ ಈಗ ಕ್ಷಾಮಕ್ಕೆ ಉತ್ತರ ಹೇಳಬೇಕಾಯಿತು. ಕಾರಣಗಳು ಹಲವಿದ್ದರೂ, 2008ರಲ್ಲಿ ಅದು 40 ಸ್ಥಾನಗಳಲ್ಲಿ ಕೇವಲ 3ನ್ನು ಪಡೆಯಿತು. 1959ರಲ್ಲಿ ಬಂದೂಕಿಗೆ ದಾರಿಮಾಡಿದ ಅಸಮಾಧಾನಕ್ಕೆ ಈ ಸಲ ಮತಪತ್ರದ ದಾರಿಯಿತ್ತು! ಪಕ್ಷವು 2018ರಲ್ಲಿ ಮತ್ತೆ ಗೆದ್ದು, 2023ರಲ್ಲಿ ಮತ್ತೆ ಸೋತಿತು. ಪ್ರತಿ ಸಲವೂ ಅಧಿಕಾರ ಶಾಂತಿಯಿಂದ ಕೈಬದಲಾಯಿತು.

ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಅನೇಕರಿದ್ದೇವೆ. ನಮ್ಮ ಮಾತಿಗೆ ಬೆಲೆಯಿದೆಯೆಂಬ ನಂಬಿಕೆ ನಮಗೆ ಹೊಸದು. ಆದುದರಿಂದಲೇ ಅದು ಅಮೂಲ್ಯ. ಕೂಗನ್ನು ಆಳುವವರು ಕೇಳದಿದ್ದಾಗ ಆ ನಂಬಿಕೆ ಮುರಿಯುತ್ತದೆ. ಸೋತವನಿಗೂ ನಾಳೆ ಗೆಲ್ಲಬಹುದೆಂಬ ಭರವಸೆಯಿದ್ದಾಗ ಅದು ಚಿಗುರುತ್ತದೆ. ಮಿಜೋರಾಮ್ ಇಷ್ಟನ್ನು ಇಪ್ಪತ್ತು ವರ್ಷಗಳ ನೋವನ್ನು ತೆತ್ತು ಕಲಿಯಿತು. ನಾವು ಅದನ್ನು ಓದಿ ಕಲಿಯುವಂತಾದರೆ ಲೇಸು.